ಲಾಲ್‌ಬಾಗ್ ಪಕ್ಕದ ಗುಂಡಿಗಳು

ಲಾಲ್‌ಬಾಗ್‌ನಿಂದ ಕೂಗಳತೆ ದೂರದಲ್ಲಿ ಒಂದು ಅಡ್ಡರಸ್ತೆ ಇದೆ. ಅಲ್ಲಿ ಹಳೇ ಮನೆಯೊಂದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ಗುಂಡಿ ತೋಡಿದ್ದರು. ಸುತ್ತ ತಗಡಿನ ಬೇಲಿ. ಬೇಲಿಯ ಕೆಳಗಿಂದ ಒಂದು ನೀಲಿ ಪೈಪು ಹೊರಗೆ ಬಂದು ಸೀದಾ ಚರಂಡಿಗೆ ಬಾಯಿಟ್ಟಿತ್ತು. ನಾನು ಬೆಳಿಗ್ಗೆ ಆರೂವರೆಗೆ ವಾಕಿಂಗ್ ಹೊರಟಾಗಲೂ ನೀರು ಬೀಳುತ್ತಿತ್ತು, ರಾತ್ರಿ ಊಟ ಮುಗಿಸಿ ನಾಯಿ ಕರ್ಕೊಂಡು ಹೋದಾಗಲೂ ಬೀಳುತ್ತಿತ್ತು. ಮೊದಮೊದಲು ಕೆಂಪು ಕೆಸರು. ಎರಡು ವಾರ ಕಳೆದ ಮೇಲೆ ತಿಳಿನೀರು, ಕೈಯೊಡ್ಡಿದರೆ ತಣ್ಣಗೆ, ಬಾವಿ ನೀರಿನ ಹಾಗೆ. ಮೂಲೆಯಲ್ಲಿ ಹೂ ಮಾರುವ ಅಜ್ಜಿ ಅದರಲ್ಲೇ ಬಕೆಟ್ ತುಂಬಿಕೊಂಡು ಹೂವಿಗೆ ಚಿಮುಕಿಸುತ್ತಿದ್ದರು.

ಅದು 2024ರ ಮಾರ್ಚ್. ಬೆಂಗಳೂರಿನವರಿಗೆ ಆ ತಿಂಗಳು ಚೆನ್ನಾಗಿ ನೆನಪಿರುತ್ತದೆ. ನಗರದ 13,900 ಬೋರ್‌ವೆಲ್‌ಗಳಲ್ಲಿ 6,900 ಒಣಗಿವೆ ಎಂದು ಸರ್ಕಾರವೇ ಹೇಳಿತ್ತು. ಟ್ಯಾಂಕರ್‌ಗೆ ಕ್ಯೂ, ವಾಟ್ಸಾಪ್ ಗುಂಪುಗಳಲ್ಲಿ ಜಗಳ, ಕಾರು ತೊಳೆದರೆ ದಂಡ. ಅಂಥ ಹೊತ್ತಿನಲ್ಲಿ ಈ ಪೈಪು ಹಗಲೂ ರಾತ್ರಿ ನೀರನ್ನು ಚರಂಡಿಗೆ ಸುರಿಯುತ್ತಿತ್ತು. ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ನಿಜ ಹೇಳಬೇಕು ಅಂದರೆ ಮೊದಲ ಎರಡು ವಾರ ನನಗೂ ಅನ್ನಿಸಿರಲಿಲ್ಲ. ಗುಂಡಿ ಅಂದಮೇಲೆ ನೀರು ಬರುತ್ತದೆ, ನೀರು ಬಂದರೆ ಪಂಪ್ ಹಾಕುತ್ತಾರೆ, ಅಷ್ಟೇ ಅಲ್ವಾ?

ಆ ನೀರು ಯಾರದ್ದು ಅಂತ ಯೋಚನೆ ಶುರುವಾದದ್ದು ಆಮೇಲೆ. ಲಾಲ್‌ಬಾಗ್ ಉಳಿಸಬೇಕು ಎಂಬ ಮಾತು ಬಂದಾಗಲೆಲ್ಲ ನಾವು ತಲೆ ಎತ್ತಿ ಮೇಲೆ ನೋಡುತ್ತೇವೆ. ಎಷ್ಟು ಮಹಡಿ ಏಳುತ್ತಿದೆ, ಗಾಜಿನ ಮನೆಯ ಹಿಂದೆ ಯಾವ ಟವರ್ ಕಾಣುತ್ತಿದೆ, ಬಂಡೆಯ ಮೇಲಿಂದ ಫೋಟೊ ತೆಗೆದರೆ ಎಷ್ಟು ಕ್ರೇನ್ ಬೀಳುತ್ತವೆ, ಇಂಥವೇ. ನನಗೀಗ ಅನ್ನಿಸುವುದು ಏನೆಂದರೆ, ಈ ಊರಿನಲ್ಲಿ, ಈ ಮಣ್ಣಿನಲ್ಲಿ, ನಾವು ಮೊದಲು ಕೆಳಗೆ ನೋಡಬೇಕು. ಪಕ್ಕದವರು ಎಷ್ಟು ಎತ್ತರ ಕಟ್ಟುತ್ತಾರೆ ಅನ್ನುವುದಕ್ಕಿಂತ ಎಷ್ಟು ಆಳ ಅಗೆಯುತ್ತಾರೆ ಅನ್ನುವುದು ಈ ತೋಟಕ್ಕೆ ಜಾಸ್ತಿ ಮುಖ್ಯ.

ಸ್ವಲ್ಪ ಹಿನ್ನೆಲೆ. 1760ರಲ್ಲಿ ಹೈದರ್ ಅಲಿ ತೋಟ ಶುರು ಮಾಡಿದಾಗ ಇದು ಊರ ಹೊರಗಿನ ಜಾಗ. ಟಿಪ್ಪು ಕಾಲದಲ್ಲಿ ಬೇರೆ ಬೇರೆ ದೇಶಗಳಿಂದ ಗಿಡ, ಬೀಜ ಬಂದವು. 1856ರಲ್ಲಿ ಸರ್ಕಾರಿ ಸಸ್ಯತೋಟವಾಯಿತು. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಆಮೇಲೆ ತೋಟದ ಉಸ್ತುವಾರಿ ನೋಡಿದ ಕ್ರುಂಬಿಗಲ್, ಜವರಾಯ, ಮರಿಗೌಡರಂಥ ಅಧಿಕಾರಿಗಳ ಕೈಯಲ್ಲಿ ಬೆಳೆದು ಇವತ್ತು ಸುಮಾರು 240 ಎಕರೆ ಇದೆ. ಒಳಗಿನ ಬಂಡೆಯ ಮೇಲೆ ಕೆಂಪೇಗೌಡ ಗೋಪುರ. ಊರು ಈ ಗೋಪುರಗಳನ್ನು ದಾಟಬಾರದು ಅಂತ ಹಿಂದಿನವರು ಹೇಳಿದ್ದರು ಅನ್ನುವ ಕತೆ ಎಲ್ಲರಿಗೂ ಗೊತ್ತು. ಊರು ದಾಟಿತು, ದಾಟಿ ಎಷ್ಟೋ ಮೈಲಿ ಹೋಯಿತು. ತೋಟ ಇದ್ದಲ್ಲೇ ಇದೆ. ಅದನ್ನು ಸುತ್ತುವರಿದದ್ದು ಊರು.

ಇಷ್ಟು ಹಳೆಯ ತೋಟಕ್ಕೆ ಕಾನೂನಿನ ಕಾವಲು ಇಲ್ಲದೇ ಇಲ್ಲ. 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಇದೆ. ಅದರ ಪ್ರಕಾರ ಉದ್ಯಾನದ ಜಾಗವನ್ನು ಸುಮ್ನೆ ಮಾರುವ ಹಾಗಿಲ್ಲ, ಲೀಸಿಗೆ ಕೊಡುವ ಹಾಗಿಲ್ಲ. ಒಳ್ಳೆಯ ಕಾಯ್ದೆ. ಅದಿಲ್ಲದಿದ್ದರೆ ಕಬ್ಬನ್ ಪಾರ್ಕ್ ಆಗಲಿ ಲಾಲ್‌ಬಾಗ್ ಆಗಲಿ ಈಗಿರುವಷ್ಟು ಉಳಿಯುತ್ತಿದ್ದವೋ ಇಲ್ಲವೋ. 1976ರ ಮರ ಸಂರಕ್ಷಣಾ ಕಾಯ್ದೆಯೂ ಇದೆ. ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು, 50ಕ್ಕಿಂತ ಹೆಚ್ಚು ಮರಗಳಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು.

ಈ ಎರಡೂ ಕಾಯ್ದೆಗಳು ಕಾಂಪೌಂಡ್ ಒಳಗೆ ಏನಾಗುತ್ತದೆ, ಕೊಡಲಿ ಯಾವಾಗ ಬೀಳುತ್ತದೆ ಅನ್ನುವುದನ್ನು ನೋಡುತ್ತವೆ. ಮರ ಕಡಿಯಲು ಅನುಮತಿ ಬೇಕು, ಸರಿ. ಮರ ತಾನಾಗಿ ಒಣಗಿದರೆ? ಪಕ್ಕದ ಸೈಟಿನಲ್ಲಿ ನಾಲ್ಕು ವರ್ಷ ಪಂಪ್ ಓಡಿ, ಗೋಡೆಯ ಆಚೆ ಚರಂಡಿ ಕೆಲಸಕ್ಕೆ ಬೇರು ಕತ್ತರಿಸಿ, ಐದನೇ ವರ್ಷದ ಮೇ ತಿಂಗಳ ಗಾಳಿಮಳೆಗೆ ಮರ ಉರುಳಿದರೆ ಪತ್ರಿಕೆಯಲ್ಲಿ ಬರುವುದು "ಭಾರಿ ಮಳೆಗೆ ಧರೆಗುರುಳಿದ ಮರ" ಅಂತ. ಅಪರಾಧಿ ಮಳೆ. ಮರ ನಿಂತಿದ್ದದ್ದು ಮೇಲಿನ ಮೂರ್ನಾಲ್ಕು ಅಡಿ ಮಣ್ಣಿನಲ್ಲಿ ಹರಡಿದ್ದ ಬೇರಿನ ಮೇಲೆ. ಮರದ ಬೇರು ಕೊಂಬೆಯ ನೆರಳು ಬೀಳುವಷ್ಟಕ್ಕೇ ನಿಲ್ಲುವುದಿಲ್ಲ, ಅದರ ಎರಡು ಮೂರು ಪಟ್ಟು ದೂರ ಹೋಗುತ್ತದೆ. ಗೋಡೆಯ ಪಕ್ಕದ ಮರಕ್ಕೆ ಅರ್ಧ ಸಂಸಾರ ಗೋಡೆಯ ಆಚೆಗೇ ಇರುತ್ತದೆ.

ಈಗ ನೀರಿನ ವಿಷಯಕ್ಕೆ ಬರೋಣ, ಯಾಕೆಂದರೆ ವಿಷಯದ ತಿರುಳು ಅಲ್ಲೇ ಇದೆ.

ಯುಗಾದಿ ಹೊತ್ತಿಗೆ ಲಾಲ್‌ಬಾಗ್‌ಗೆ ಹೋಗಿ ಒಂದು ಹೊಂಗೆ ಮರದ ಕೆಳಗೆ ನಿಂತು ನೋಡಿ. ಎಲೆ ಉದುರಿಸಿದ್ದ ಮರ ಹಸಿರು ಸುರಿದ ಹಾಗೆ ಚಿಗುರಿರುತ್ತದೆ. ಎಲೆಗೆ ಎಣ್ಣೆ ಹಚ್ಚಿದಂಥ ಹೊಳಪು. ಸರಿಯಾದ ಮಳೆ ಇನ್ನೂ ಎರಡು ತಿಂಗಳು ದೂರ. ನಮ್ಮ ನಾಡಿನ ಎಷ್ಟೋ ಮರಗಳು ಹೀಗೇ, ಬೇಸಿಗೆಯ ನಡುಮಧ್ಯದಲ್ಲಿ, ಮೇಲಿನ ಮಣ್ಣು ಬಿರುಕು ಬಿಟ್ಟಿರುವಾಗ ಚಿಗುರುತ್ತವೆ, ಹೂ ಬಿಡುತ್ತವೆ. ಪೈಪಿನ ನೀರು ಎಲ್ಲ ಮರಕ್ಕೂ ಸಿಗುವುದಿಲ್ಲ. ಹಾಗಾದರೆ ಆ ಚಿಗುರಿಗೆ ನೀರು ಎಲ್ಲಿಂದ ಬಂತು? ಹೋದ ಮಳೆಗಾಲದ್ದು. ಆಗ ಇಂಗಿ ಕೆಳಗಿನ ಪದರದಲ್ಲಿ ಉಳಿದಿದ್ದ ತೇವವನ್ನು ಆಳಕ್ಕೆ ಇಳಿದ ಬೇರುಗಳು ಈಗ ಎಳೆದುಕೊಳ್ಳುತ್ತಿವೆ. ಅಂದರೆ ಮರಕ್ಕೆ ಒಂದು ಉಳಿತಾಯ ಖಾತೆ ಇದೆ, ವರ್ಷದ ಕಷ್ಟದ ಮೂರು ತಿಂಗಳು ಅದರಿಂದ ನಡೆಯುತ್ತದೆ.

ಬೆಂಗಳೂರಿನ ನೆಲ ಗಟ್ಟಿ ಬಂಡೆಯ ನೆಲ. ಮೇಲೆ ಮಣ್ಣು. ಅದರ ಕೆಳಗೆ ಲಕ್ಷಾಂತರ ವರ್ಷ ಮಳೆಬಿಸಿಲಿಗೆ ಪುಡಿಯಾದ ಕಲ್ಲಿನ ಪದರ. ಅದಕ್ಕೂ ಕೆಳಗೆ ಗಟ್ಟಿ ಕಲ್ಲು, ಅದರೊಳಗೆ ಅಲ್ಲಲ್ಲಿ ಬಿರುಕು. ಬೋರ್‌ವೆಲ್ ನೀರು ಬರುವುದು ಆ ಬಿರುಕುಗಳಿಂದ. ಹಳೇ ಕಾಲದ ತೆರೆದ ಬಾವಿಗಳಿಗೆ ಬರುತ್ತಿದ್ದದ್ದು ಮೇಲಿನ ಪುಡಿಗಲ್ಲಿನ ಪದರದಿಂದ. ಆ ಪದರ ಸ್ಪಂಜಿನ ಹಾಗೆ. ಮಳೆ ಬಂದರೆ ಹೀರುತ್ತದೆ, ಆಮೇಲೆ ನಿಧಾನವಾಗಿ ಪಕ್ಕಕ್ಕೆ, ಇಳಿಜಾರಿನ ಕಡೆಗೆ ಬಿಡುತ್ತದೆ. ಮರದ ಉಳಿತಾಯ ಖಾತೆ ಇರುವುದು ಇಲ್ಲೇ.

ಇನ್ನು ಪಕ್ಕದ ಸೈಟಿನಲ್ಲಿ ಮೂರು ಬೇಸ್‌ಮೆಂಟ್ ಅಂದರೆ ಏನು? ಒಂದೊಂದಕ್ಕೆ ಮೂರು ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಹಿಡಿದರೂ ಹತ್ತು ಹನ್ನೆರಡು ಮೀಟರ್ ಆಳ. ಸೀದಾ ಸ್ಪಂಜಿನ ಮಧ್ಯಕ್ಕೆ. ಅಗೆದ ಕೂಡಲೇ ಸುತ್ತಲಿನ ನೀರು ಗುಂಡಿಯ ಕಡೆ ಜಿನುಗುತ್ತದೆ. ಕಾಂಕ್ರೀಟ್ ಹಾಕಬೇಕಲ್ಲ, ಪಂಪ್ ಹಾಕಿ ಖಾಲಿ ಮಾಡುತ್ತಾರೆ. ಪಂಪ್ ಓಡಿದಷ್ಟೂ ಸುತ್ತಲಿನ ನೀರಿನ ಮಟ್ಟ ಲಾಳಿಕೆಯ ಆಕಾರದಲ್ಲಿ ಕೆಳಗೆ ಜಗ್ಗುತ್ತದೆ. ಬೇಸ್‌ಮೆಂಟ್ ಸರಿಯಾಗಿ ನೀರು ನುಗ್ಗದ ಹಾಗೆ ಕಟ್ಟಿದರೆ ಕೆಲಸ ಮುಗಿದ ಮೇಲೆ ಪಂಪ್ ನಿಲ್ಲುತ್ತದೆ. ಹಾಗೆ ಕಟ್ಟಲು ಖರ್ಚು ಜಾಸ್ತಿ. ಅಗ್ಗದ ದಾರಿ ಅಂದರೆ ಮೂಲೆಯಲ್ಲಿ ಒಂದು ಸಂಪ್ ಮಾಡಿ, ಜಿನುಗಿದ ನೀರು ಅಲ್ಲಿಗೆ ಬರುವ ಹಾಗೆ ಬಿಟ್ಟು, ಕಟ್ಟಡ ಇರುವವರೆಗೂ ಮೋಟಾರ್ ಹಾಕುತ್ತಾ ಇರುವುದು. ಅಪಾರ್ಟ್‌ಮೆಂಟ್ ಸಂಘದ ಸಭೆಗೆ ಯಾವತ್ತಾದರೂ ಹೋದವರಿಗೆ "ಬೇಸ್‌ಮೆಂಟ್ ನೀರಿನ ಮೋಟಾರ್ ಕರೆಂಟ್ ಬಿಲ್" ಅನ್ನುವ ಐಟಂ ಗೊತ್ತಿರಬಹುದು.

ಬಂಡೆ ನೆಲದ ಇನ್ನೊಂದು ಕಿತಾಪತಿ ಇದೆ. ಮರಳು ನೆಲದಲ್ಲಾದರೆ ನೀರಿನ ಮಟ್ಟ ಎಲ್ಲ ಕಡೆ ಸಮನಾಗಿ ಇಳಿಯುತ್ತದೆ, ಲೆಕ್ಕ ಹಾಕಬಹುದು. ಇಲ್ಲಿ ಬಿರುಕು ಯಾವ ಕಡೆ ಓಡಿದೆಯೋ ಆ ಕಡೆಗೆ ಪರಿಣಾಮ. ಗುಂಡಿಯ ಪಕ್ಕದಲ್ಲೇ ಇರುವ ಬಾವಿಗೆ ಏನೂ ಆಗದೆ ಇನ್ನೂರು ಮೀಟರ್ ಆಚೆಯ ಬಾವಿ ಬತ್ತಬಹುದು. ಹಾಗಾಗಿ "ನಮ್ಮ ಕಟ್ಟಡದಿಂದ ಆಯಿತು ಅಂತ ತೋರಿಸಿ ನೋಡೋಣ" ಎಂದು ಬಿಲ್ಡರ್ ಕೇಳಿದರೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ. ಒಂದು ಕಟ್ಟಡದ್ದೇ ಲೆಕ್ಕ ತೆಗೆದರೆ ಬಹುಶಃ ಅವರು ಹೇಳುವುದೂ ನಿಜವೇ. ಆದರೆ ಒಂದೇ ಒಂದು ಕಟ್ಟಡ ಯಾವತ್ತೂ ಇರುವುದಿಲ್ಲ. ಸುತ್ತ ಇಪ್ಪತ್ತು ಗುಂಡಿ ಬಿದ್ದು, ಮಧ್ಯದ ಅಂಗಳಗಳೆಲ್ಲ ಕಾಂಕ್ರೀಟ್ ಆಗಿ, ಮೇಲಿನಿಂದ ಇಂಗುವುದೂ ನಿಂತು, ಕೆಳಗಿನಿಂದ ಸೋರುವುದೂ ಶುರುವಾದ ಮೇಲೆ ತೋಟ ಒಂದು ದ್ವೀಪದಂತಾಗುತ್ತದೆ. ಆ ದ್ವೀಪಕ್ಕೆ ಕಡಲೂ ಇಲ್ಲ. ತೋಟದೊಳಗಿನ ಕೆರೆಯ ಕತೆಯೂ ಇದೇ. ಕೆರೆ ತುಂಬುವುದು ಸುತ್ತಲಿನ ಇಳಿಜಾರಿನಿಂದ. ಆ ಇಳಿಜಾರು ರಸ್ತೆ, ಸೂರು, ಪಾರ್ಕಿಂಗ್ ಆದರೆ ಬರುವ ನೀರು ಒಂದೋ ಚರಂಡಿ ಹಿಡಿದು ಬೇರೆ ಕಡೆ ಹೋಗುತ್ತದೆ, ಇಲ್ಲಾ ಚರಂಡಿಯ ಕೊಳೆಯನ್ನೇ ಹೊತ್ತುಕೊಂಡು ಬರುತ್ತದೆ.

ಹಾಗಾದರೆ ಎತ್ತರದಿಂದ ತೊಂದರೆಯೇ ಇಲ್ಲವಾ? ಇದೆ, ಆದರೆ ಎಷ್ಟು ಅನ್ನುವುದು ಆಯಾ ಊರಿನ ಮೇಲೆ ಹೋಗುತ್ತದೆ. ಪಾರ್ಕಿನ ಮೇಲೆ ಬೀಳುವ ನೆರಳಿನ ಬಗ್ಗೆ ಅಮೆರಿಕದಲ್ಲಿ ದೊಡ್ಡ ಹೋರಾಟಗಳೇ ನಡೆದಿವೆ. ಸ್ಯಾನ್ ಫ್ರಾನ್ಸಿಸ್ಕೊದ ಮತದಾರರು 1984ರಲ್ಲಿ ಒಂದು ನಿಯಮಕ್ಕೆ ಒಪ್ಪಿಗೆ ಕೊಟ್ಟರು. 40 ಅಡಿಗಿಂತ ಎತ್ತರದ ಕಟ್ಟಡ ಪಾರ್ಕಿನ ಮೇಲೆ ಹೊಸ ನೆರಳು ಬೀಳಿಸುವುದಾದರೆ ಪರಿಶೀಲನೆ ಆಗಲೇಬೇಕು. ಬಾಸ್ಟನ್‌ನಲ್ಲಿ 1634ರ ಪಾರ್ಕು ಬಾಸ್ಟನ್ ಕಾಮನ್‌ಗಾಗಿ 1990ರಲ್ಲಿ, ಪಕ್ಕದ ಪಬ್ಲಿಕ್ ಗಾರ್ಡನ್‌ಗಾಗಿ 1993ರಲ್ಲಿ ರಾಜ್ಯದ ಕಾನೂನೇ ಬಂತು. ನ್ಯೂಯಾರ್ಕಿನ ಬ್ರೂಕ್ಲಿನ್ ಸಸ್ಯತೋಟದ ಪಕ್ಕ 30ಕ್ಕೂ ಹೆಚ್ಚು ಮಹಡಿಯ ಎರಡು ಟವರ್ ಕಟ್ಟುವ ಯೋಜನೆಯನ್ನು 2021ರಲ್ಲಿ ಅಲ್ಲಿನ ನಗರ ಯೋಜನಾ ಆಯೋಗ ತಿರಸ್ಕರಿಸಿತು. ಟವರ್ ನೆರಳಿಗೆ ತಮ್ಮ ಗಾಜಿನ ಮನೆಯ ಗಿಡಗಳು ಸೊರಗುತ್ತವೆ ಅನ್ನುವುದು ತೋಟದವರ ವಾದವಾಗಿತ್ತು.

ಇದನ್ನು ಓದಿದ ಕೂಡಲೇ ನಮಗೂ ಅಂಥದ್ದೇ ನೆರಳಿನ ಕಾನೂನು ಬೇಕು ಅನ್ನಿಸುವುದು ಸಹಜ. ಸ್ವಲ್ಪ ಲೆಕ್ಕ ಮಾಡಿ. ಡಿಸೆಂಬರ್ 21ರ ನಡುಹಗಲು ಬಾಸ್ಟನ್‌ನಲ್ಲಿ ಸೂರ್ಯ ದಿಗಂತದಿಂದ ಬರೀ 24 ಡಿಗ್ರಿ ಮೇಲಿರುತ್ತಾನೆ. 100 ಮೀಟರ್ ಕಟ್ಟಡದ ನೆರಳು ಸುಮಾರು 220 ಮೀಟರ್ ಚಾಚುತ್ತದೆ. ಅದೇ ದಿನ ಬೆಂಗಳೂರಿನಲ್ಲಿ ಸೂರ್ಯ 53 ಡಿಗ್ರಿಗಿಂತ ಮೇಲೆ, ಅಷ್ಟೇ ಎತ್ತರದ ಕಟ್ಟಡದ ನೆರಳು ಸುಮಾರು 75 ಮೀಟರ್. ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಸುಮಾರಿಗೆ ಶೂನ್ಯ ನೆರಳಿನ ದಿನ ಅಂತ ಮಕ್ಕಳೆಲ್ಲ ಕಡ್ಡಿ ನೆಟ್ಟು ನೋಡುತ್ತಾರಲ್ಲ, ಆವತ್ತು ಮಧ್ಯಾಹ್ನ ನೆರಳೇ ಇಲ್ಲ. ಆ ಎರಡು ದಿನಗಳ ನಡುವೆ ನಡುಹಗಲ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಬೆಳಿಗ್ಗೆ, ಸಂಜೆ ನೆರಳು ಉದ್ದ ಇರುತ್ತದೆ ನಿಜ. ತೋಟದ ಅಂಚಿಗೇ ಅಂಟಿಕೊಂಡು ಎದ್ದ ಕಟ್ಟಡದಿಂದ ತೊಂದರೆ ಆಗುತ್ತದೆ, ರಾತ್ರಿಯಿಡೀ ಉರಿಯುವ ದೀಪದಿಂದ ಹಕ್ಕಿ ಬಾವಲಿಗಳಿಗೆ ಇನ್ನೂ ಜಾಸ್ತಿ ಆಗುತ್ತದೆ. ಆದರೂ ಬಾಸ್ಟನ್‌ನವರ ತಲೆನೋವನ್ನು ಹಾಗೇ ಎರವಲು ತಂದು ಇಲ್ಲಿ ಹೋರಾಡಿದರೆ ನಮ್ಮ ತಲೆನೋವು ನೆಲದಡಿಯಲ್ಲಿ ಆರಾಮಾಗಿ ಬೆಳೆಯುತ್ತಿರುತ್ತದೆ.

ಬಾಸ್ಟನ್‌ನಿಂದ ಕಲಿಯಬೇಕಾದ್ದು ಬೇರೆ ಇದೆ. 2017ರಲ್ಲಿ ಅಲ್ಲಿನ ನಗರಾಡಳಿತ ತನ್ನದೇ ಒಂದು ಹಳೇ ಪಾರ್ಕಿಂಗ್ ಕಟ್ಟಡದ ಜಾಗವನ್ನು 15 ಕೋಟಿ ಡಾಲರ್‌ಗೂ ಹೆಚ್ಚಿಗೆ ಮಾರಲು ಹೊರಟಿತು. ಬರಬೇಕಿದ್ದ ಟವರ್ ನೆರಳಿನ ಕಾನೂನನ್ನು ಮುರಿಯುತ್ತಿತ್ತು. ಏನು ಮಾಡಿದರು? ಆ ಒಂದು ಟವರ್‌ಗಾಗಿ ಕಾನೂನಿಗೇ ತಿದ್ದುಪಡಿ ತಂದರು, ಬಂದ ಹಣದಲ್ಲಿ ಒಂದು ಪಾಲನ್ನು ಪಾರ್ಕಿಗೆ ಕೊಟ್ಟರು. ಅಂಥ ಗಟ್ಟಿ ಕಾನೂನೂ ದುಡ್ಡು ದೊಡ್ಡದಾದಾಗ ಬಗ್ಗಿತು. ಆದರೆ ಬಗ್ಗಿಸುವುದಕ್ಕೆ ಮೊದಲು ಶಾಸನಸಭೆಯಲ್ಲಿ, ಬಹಿರಂಗವಾಗಿ, ಹೆಸರು ಹೇಳಿ ಬಗ್ಗಿಸಬೇಕಾಯಿತು. ನಮ್ಮಲ್ಲಿ ಕಾಂಪೌಂಡ್ ಆಚೆಯ ವಿಷಯಕ್ಕೆ ಬಗ್ಗಿಸಲು ಕೂಡ ಒಂದು ಕಾನೂನಿಲ್ಲ.

ತಮಾಷೆ ಏನೆಂದರೆ, ಗಡಿಯ ಆಚೆಗೂ ಕಾವಲು ಬೇಕು ಅನ್ನುವ ಐಡಿಯಾ ನಮ್ಮ ಸರ್ಕಾರಗಳಿಗೆ ಹೊಸದಲ್ಲ. ಕೇಂದ್ರದ ಪುರಾತತ್ವ ಇಲಾಖೆಯ ಸ್ಮಾರಕಗಳ ಸುತ್ತ 100 ಮೀಟರ್ ಕಟ್ಟುವ ಹಾಗೇ ಇಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ಕೆರೆಗಳಿಗೆ, ರಾಜಕಾಲುವೆಗಳಿಗೆ ಬಫರ್ ಇದೆ, ಅಂದರೆ ಸುತ್ತ ಕಟ್ಟಡ ಕಟ್ಟಬಾರದ ಅಂಚು. ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯ ಬಫರನ್ನು 75 ಮೀಟರ್‌ಗೆ ಏರಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ಹಳೆಯ ಅಳತೆಗೇ ಬಿಟ್ಟಿತು. ಜಗಳ ಎಷ್ಟು ಮೀಟರ್ ಅನ್ನುವುದರ ಮೇಲೆ, ಬಫರ್ ಬೇಕೇ ಬೇಡವೇ ಅನ್ನುವುದರ ಮೇಲಲ್ಲ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತ ಪರಿಸರ ಸೂಕ್ಷ್ಮ ವಲಯ ಇದೆ. 2016ರ ಕರಡಿನಲ್ಲಿ 268.96 ಚದರ ಕಿ.ಮೀ. ಇದ್ದದ್ದು 2020ರ ಹೊತ್ತಿಗೆ 168.84ಕ್ಕೆ ಇಳಿಯಿತು ಅನ್ನುವುದು ಬೇರೆ ಸಂಕಟ. ಕಾಡಿಗೆ, ಕೆರೆಗೆ, ಕಲ್ಲಿನ ಗುಡಿಗೆ ಇರುವ ಈ ಅಂಚು ಊರ ನಡುವಿನ ಸಸ್ಯತೋಟಕ್ಕೆ ಮಾತ್ರ ಇಲ್ಲ.

ಲಾಲ್‌ಬಾಗ್ ಬಂಡೆಯನ್ನೇ ನೋಡಿ. ಸುಮಾರು 300 ಕೋಟಿ ವರ್ಷದ ಕಲ್ಲು. 1975ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿತು. ಬಂಡೆಯ ಮೇಲೆ ಅದರ ಫಲಕವೂ ಇದೆ, ಜನ ಅದಕ್ಕೆ ಒರಗಿಕೊಂಡು ಸೆಲ್ಫಿ ತೆಗೆಯುತ್ತಾರೆ. "ರಾಷ್ಟ್ರೀಯ ಸ್ಮಾರಕ" ಅಂದಮೇಲೆ ಬೇಲೂರು ಹಳೇಬೀಡಿಗೆ ಇರುವಂಥ ರಕ್ಷಣೆ ಇರುತ್ತದೆ ಅಂದುಕೊಳ್ಳುತ್ತೇವೆ. ಇಲ್ಲ. ಪುರಾತತ್ವ ಕಾಯ್ದೆ ಇಂಥ ಕಲ್ಲುಗಳಿಗೆ ಅನ್ವಯಿಸುವುದಿಲ್ಲ. ಭೂಪರಂಪರೆಯ ತಾಣಗಳಿಗಾಗಿಯೇ ಒಂದು ಮಸೂದೆಯ ಕರಡನ್ನು ಕೇಂದ್ರ 2022ರಲ್ಲಿ ಹೊರತಂದಿತ್ತು. ಕರಡು ಬಂತು, ಕಾನೂನು ಬರಲಿಲ್ಲ.

ಸುರಂಗ ರಸ್ತೆಯ ಗಲಾಟೆ ಎದ್ದಾಗ ಈ ಎಲ್ಲ ತೂತುಗಳೂ ಒಟ್ಟಿಗೆ ಕಂಡವು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 16.75 ಕಿ.ಮೀ. ಜೋಡಿ ಸುರಂಗ, ₹17,000 ಕೋಟಿಗೂ ಹೆಚ್ಚು ವೆಚ್ಚ. 2025ರಲ್ಲಿ ಇದಕ್ಕಾಗಿ ಲಾಲ್‌ಬಾಗ್‌ನ ಸುಮಾರು 6 ಎಕರೆ ಬೇಕಾಗುತ್ತದೆ ಎಂಬ ಸುದ್ದಿ ಹೊರಬಿದ್ದ ಮೇಲೆ ವಾಕಿಂಗ್ ಬರುವವರು, ರಾಜಕೀಯದವರು, ಭೂವಿಜ್ಞಾನ ಓದಿದವರು ಎಲ್ಲ ಒಂದಾದರು. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಕ್ಟೋಬರ್‌ನಲ್ಲಿ ಲಾಲ್‌ಬಾಗ್‌ಗೇ ಬಂದು ಜನರ ಜೊತೆ ಮಾತಾಡಿದರು. ವಿಷಯ ಹೈಕೋರ್ಟ್‌ಗೆ ಹೋಯಿತು. ಲಾಲ್‌ಬಾಗ್‌ನಲ್ಲಿ ಮರ ಕಡಿಯುವುದಿಲ್ಲ ಎಂದು ಸರ್ಕಾರ ನ್ಯಾಯಾಲಯದಲ್ಲಿ ಹೇಳಿತು.

ಮರ ಕಡಿಯುವುದಿಲ್ಲ. ಒಳ್ಳೆಯದೇ. ಆದರೆ ಗಮನಿಸಿ, ಪ್ರಶ್ನೆಯೂ ಉತ್ತರವೂ ಎರಡೂ ಕೊಡಲಿಯ ಬಗ್ಗೆಯೇ ಇವೆ. ನನಗೆ ಸುರಂಗದ ಬಗ್ಗೆ ಕೇಳಬೇಕಾದ ಪ್ರಶ್ನೆ ಬೇರೆ. ಬಂಡೆಯೊಳಗೆ ಆಳದಲ್ಲಿ ಯಂತ್ರ ಕೊರೆದುಕೊಂಡು ಹೋಗುವುದರಿಂದ ಮೇಲಿನ ಮರಕ್ಕೆ ಅಂಥ ತೊಂದರೆ ಆಗದೇ ಇರಬಹುದು. ಗಟ್ಟಿ ಕಲ್ಲು ಸಿಕ್ಕಿದರೆ ಅದು ತನ್ನ ಭಾರವನ್ನು ತಾನೇ ಹೊರುತ್ತದೆ. ತೊಂದರೆ ಕೊಡುವುದು ಸುರಂಗ ಮೇಲೆ ಬರುವ ಜಾಗಗಳು. ಯಂತ್ರ ಇಳಿಸುವ ಬಾವಿಯಂಥ ಗುಂಡಿ, ಕಾರು ಹತ್ತಿ ಇಳಿಯುವ ಇಳಿಜಾರು, ಒಳಗಿನ ಹೊಗೆಯನ್ನೆಲ್ಲ ಒಂದೇ ಕಡೆ ಉಗುಳುವ ಗಾಳಿಗೂಡು. ಇವೆಲ್ಲ ಮಣ್ಣು ಮತ್ತು ಪುಡಿಗಲ್ಲಿನ ಪದರವನ್ನು ಸೀಳಿಕೊಂಡೇ ಬರಬೇಕು, ಅಲ್ಲಿ ವರ್ಷಗಟ್ಟಲೆ ಪಂಪ್ ಓಡಲೇಬೇಕು. ಗಟ್ಟಿ ಕಲ್ಲು ಹಠಾತ್ತನೆ ಮುಗಿದು ಮೆತ್ತನೆ ಮಣ್ಣು ಶುರುವಾಗುವ ಈ ಊರಿನಲ್ಲಿ ಯಂತ್ರಕ್ಕೂ ಗ್ಯಾರಂಟಿ ಇಲ್ಲ. 2023ರ ಜನವರಿಯಲ್ಲಿ ಮೆಟ್ರೊ ಸುರಂಗದ ಮಾರ್ಗದ ಮೇಲೆ ಬ್ರಿಗೇಡ್ ರಸ್ತೆಯಲ್ಲಿ ಇದ್ದಕ್ಕಿದ್ದಂತೆ ಗುಂಡಿ ಬಿದ್ದದ್ದನ್ನು ಮರೆತಿಲ್ಲ ತಾನೆ. ಯಂತ್ರ ಇಳಿಸುವ ಗುಂಡಿಯನ್ನು ತೋಟದ ಗೋಡೆಯ ಒಳಗಿನಿಂದ ಗೋಡೆಯ ಹೊರಗೆ ಸರಿಸಿದರೆ 1975ರ ಕಾಯ್ದೆಗೆ ಸಮಾಧಾನ ಆಗುತ್ತದೆ. ನೆಲದಡಿಯ ನೀರಿಗೆ ಗೋಡೆ ಎಲ್ಲಿದೆ ಅಂತಲೇ ಗೊತ್ತಿಲ್ಲ.

ಇದೇ ಮಾತನ್ನು ಮೆಟ್ರೊಗೂ ಹೇಳಬೇಕು. 2009ರಲ್ಲಿ ಮೆಟ್ರೊಗಾಗಿ ಲಾಲ್‌ಬಾಗ್‌ನ ಗೋಡೆ ಒಡೆದು ಮರ ಕಡಿದಾಗ ಜನ ಬೀದಿಗಿಳಿದಿದ್ದರು, ನಂದಾ ರಸ್ತೆಯ ಮರಗಳಿಗಾಗಿಯೂ ಜಗಳ ಆಗಿತ್ತು. ಆ ಸಾಲುಮರಗಳು ಹೋದದ್ದು ಈಗಲೂ ಕರುಳು ಚುರ್ ಅನ್ನುವ ವಿಷಯ. ಆದರೂ ಇವತ್ತು ಲಾಲ್‌ಬಾಗ್ ಸ್ಟೇಷನ್‌ನಲ್ಲಿ ಇಳಿದು ತೋಟಕ್ಕೆ ನಡೆದು ಹೋಗುವ ಜನರನ್ನು ನೋಡಿದರೆ, ಫಲಪುಷ್ಪ ಪ್ರದರ್ಶನದ ದಿನ ಅವರೆಲ್ಲ ಕಾರಿನಲ್ಲಿ ಬಂದಿದ್ದರೆ ಏನಾಗುತ್ತಿತ್ತು ಅಂತಲೂ ಯೋಚನೆ ಬರುತ್ತದೆ. ಎಲ್ಲ ಅಭಿವೃದ್ಧಿಯೂ ಒಂದೇ ಅಲ್ಲ. ತೋಟದ ಸುತ್ತ ಏನೂ ಬದಲಾಗಬಾರದು ಅನ್ನುವವರಲ್ಲಿ, ಕ್ಷಮಿಸಿ, ಬಾಲ್ಕನಿಯಿಂದ ತೋಟ ಕಾಣುವ ಮನೆ ಆಗಲೇ ಕೊಂಡವರೂ ಇದ್ದಾರೆ. ತಮಗೆ ಸಿಕ್ಕ ಮೇಲೆ ಬಾಗಿಲು ಹಾಕಿಕೊಳ್ಳುವುದು ಸಂರಕ್ಷಣೆ ಆಗುವುದಿಲ್ಲ. ಮೆಟ್ರೊ ಇರುವ ಕಡೆ, ಪಾರ್ಕ್ ಇರುವ ಕಡೆ ಜಾಸ್ತಿ ಜನ ವಾಸ ಮಾಡಿದರೆ ಊರಿಗೆ ಒಳ್ಳೆಯದೇ.

ಇಲ್ಲೇ ಆಳದ ವಿಷಯ ಮತ್ತೆ ಬರುತ್ತದೆ. ಬೇಸ್‌ಮೆಂಟ್ ಯಾಕೆ ತೋಡುತ್ತಾರೆ? ಮೋಜಿಗಲ್ಲ. ಕಾರು ನಿಲ್ಲಿಸಲು. ಕಟ್ಟಡ ನಿಯಮವೇ ಮನೆಯ ಅಳತೆ ನೋಡಿ ಇಷ್ಟು ಕಾರಿಗೆ ಜಾಗ ಇರಲೇಬೇಕು ಅನ್ನುತ್ತದೆ. ಸೈಟು ಸಣ್ಣದು, ಮನೆ ಜಾಸ್ತಿ, ಹಾಗಾಗಿ ಕಾರು ಕೆಳಗೆ ಇಳಿಯುತ್ತದೆ. ಒಂದು ಬೇಸ್‌ಮೆಂಟ್ ಸಾಲದೇ ಎರಡು, ಎರಡು ಸಾಲದೇ ಮೂರು. ಅಂದರೆ ಮೆಟ್ರೊ ಸ್ಟೇಷನ್‌ನಿಂದ ಐದು ನಿಮಿಷ ದೂರದಲ್ಲಿ, 240 ಎಕರೆ ತೋಟದ ಪಕ್ಕದಲ್ಲಿ, ಭೂಮಿಯ ಸ್ಪಂಜನ್ನು ತೆಗೆದು ಕಾರು ತುಂಬಿಸಿ ಎಂದು ನಿಯಮವೇ ಹೇಳಿದ ಹಾಗಾಯಿತು. ಇದನ್ನು ಓದಿ ನಗು ಬಂದರೆ ನಗಬಹುದು.

ಲಂಡನ್ ಇಂಥ ಕಡ್ಡಾಯ ಪಾರ್ಕಿಂಗ್ ನಿಯಮವನ್ನು 2004ರಲ್ಲೇ ಕೈಬಿಟ್ಟಿತು. ಇಷ್ಟು ಕಾರಿಗೆ ಜಾಗ ಇರಲೇಬೇಕು ಅನ್ನುವ ಬದಲು ಇಷ್ಟಕ್ಕಿಂತ ಹೆಚ್ಚು ಮಾಡಬಾರದು ಅನ್ನುವ ಕಡೆಗೆ ತಿರುಗಿತು. ಅದೇ ಊರಿನ ಕೆನ್ಸಿಂಗ್ಟನ್ ಮತ್ತು ಚೆಲ್ಸಿ ಆಡಳಿತ 2015ರಲ್ಲಿ ನೇರವಾಗಿ ಆಳಕ್ಕೇ ಮಿತಿ ಹಾಕಿತು. ಅಲ್ಲಿನ ಶ್ರೀಮಂತರು ಮನೆ ಕೆಳಗೆ ಈಜುಕೊಳ, ಸಿನಿಮಾ ಹಾಲ್ ಅಂತ ಮಹಡಿ ಮೇಲೆ ಮಹಡಿ ಕೆಳಗೆ ಇಳಿಯುತ್ತಿದ್ದರು. ಇನ್ನು ಮುಂದೆ ಸಾಮಾನ್ಯವಾಗಿ ಒಂದೇ ಬೇಸ್‌ಮೆಂಟ್, ಅದೂ ಕೈತೋಟದ ಅರ್ಧಕ್ಕಿಂತ ಹೆಚ್ಚು ಜಾಗದ ಕೆಳಗೆ ಹೋಗಬಾರದು, ಅದರ ಮೇಲೆ ಒಂದು ಮೀಟರ್ ಮಣ್ಣು ಇರಬೇಕು ಎಂದಾಯಿತು. ನೀರು ಇಂಗಬೇಕು, ಮರಕ್ಕೆ ಜಾಗ ಇರಬೇಕು ಅನ್ನುವುದೂ ಅದರ ಕಾರಣಗಳಲ್ಲಿ ಸೇರಿತ್ತು. ಎತ್ತರಕ್ಕೆ ಮಿತಿ ಹಾಕುವ ಹಾಗೆ ಆಳಕ್ಕೂ ಮಿತಿ ಹಾಕಬಹುದು ಅನ್ನುವುದಕ್ಕೆ ಇಷ್ಟು ಸಾಕು.

ನಮ್ಮಲ್ಲಿ ಇದನ್ನು ಮಾಡುವುದು ಅಷ್ಟೊಂದು ಕಷ್ಟದ ಕೆಲಸ ಅಂತ ನನಗೆ ಅನ್ನಿಸುವುದಿಲ್ಲ. ಲಾಲ್‌ಬಾಗ್, ಕಬ್ಬನ್ ಪಾರ್ಕ್‌ಗಳ ಸುತ್ತ ಒಂದು ಅಂಚು ಗುರುತು ಮಾಡಿ, ಆ ಅಂಚಿನೊಳಗೆ ಕಾರ್ ಪಾರ್ಕಿಂಗ್ ಕಡ್ಡಾಯ ತೆಗೆದುಬಿಡಿ. ಕಟ್ಟುವವನಿಗೆ ಖರ್ಚು ಉಳಿಯುತ್ತದೆ, ಅವನು ಯಾಕೆ ಬೇಡ ಅನ್ನುತ್ತಾನೆ? ಒಂದು ಮಟ್ಟಕ್ಕಿಂತ ಆಳ ಹೋಗುವವರು ನೀರು ನುಗ್ಗದ ಹಾಗೆ ಸುತ್ತ ಗೋಡೆ ಇಳಿಸಿಯೇ ಅಗೆಯಬೇಕು, ಅಗೆಯುವಾಗ ಎತ್ತಿದ ನೀರನ್ನು ಚರಂಡಿಗೆ ಬಿಡದೆ ಪಕ್ಕದಲ್ಲೇ ಇಂಗುಬಾವಿಗೆ ವಾಪಸ್ ಬಿಡಬೇಕು. ಕಾಯಂ ಪಂಪಿಂಗ್ ಬೇಡವೇ ಬೇಡ. ಇನ್ನು ಅನುಮತಿಯ ಫೈಲು ತೋಟಗಾರಿಕೆ ಇಲಾಖೆಯ ಮೇಜಿನ ಮೇಲೂ ಒಮ್ಮೆ ಹಾದು ಹೋಗಲಿ. ಈಗ ಅವರ ಮಾತು ಕಾಂಪೌಂಡಿಗೆ ಮುಗಿಯುತ್ತದೆ. ಪಕ್ಕದಲ್ಲಿ ಏನು ಬರುತ್ತಿದೆ ಅಂತ ಅವರಿಗೂ ನಮ್ಮ ಹಾಗೇ ತಗಡಿನ ಬೇಲಿ ಎದ್ದ ಮೇಲೆ ಗೊತ್ತಾಗುವುದು.

ಇದಕ್ಕೆಲ್ಲ ಮೊದಲು ಆಗಬೇಕಾದ ಒಂದು ಕೆಲಸ ಇದೆ, ತೀರಾ ಸಾದಾ ಕೆಲಸ. ಅಳೆಯುವುದು. ತೋಟದೊಳಗೆ ಅಲ್ಲಲ್ಲಿ ಬಾವಿಗಳಲ್ಲಿ ನೀರಿನ ಮಟ್ಟವನ್ನು ವಾರಕ್ಕೊಮ್ಮೆ ಬರೆದಿಟ್ಟು ಎಲ್ಲರಿಗೂ ಕಾಣುವ ಹಾಗೆ ಹಾಕುವುದು. ಗುಂಡಿ ಬೀಳುವ ಮುಂಚಿನ ಲೆಕ್ಕ ಇಲ್ಲದಿದ್ದರೆ ಬಿದ್ದ ಮೇಲಿನ ಲೆಕ್ಕಕ್ಕೆ ಕಿಮ್ಮತ್ತಿಲ್ಲ. ಕೋರ್ಟಿನಲ್ಲಿ ನಿಂತು "ಮರ ಒಣಗುತ್ತಿದೆ" ಅಂದರೆ ಆಗುವುದಿಲ್ಲ, "ಇಂಥ ತಿಂಗಳು 5 ಮೀಟರ್‌ನಲ್ಲಿದ್ದ ನೀರು ಪಂಪ್ ಶುರುವಾದ ಮೇಲೆ 8ಕ್ಕೆ ಇಳಿಯಿತು" ಅನ್ನುವಂಥ ಮಾತಿಗೆ ಮಾತ್ರ ತೂಕ.

ಮೇಲಿನ ಪದರದಲ್ಲಿ ಈಗ ನೀರೆಲ್ಲಿದೆ, ಎಲ್ಲ ಸಾವಿರ ಅಡಿಗೆ ಹೋಯಿತಲ್ಲ ಅನ್ನುವವರು ಕಬ್ಬನ್ ಪಾರ್ಕ್‌ಗೆ ಹೋಗಿ ನೋಡಬೇಕು. ಅಲ್ಲಿ ಕಸ, ಹೂಳು ತುಂಬಿ ಮರೆತೇ ಹೋಗಿದ್ದ ಹಳೇ ತೆರೆದ ಬಾವಿಗಳನ್ನು ತಲೆಮಾರುಗಳಿಂದ ಬಾವಿ ತೋಡುವುದೇ ಕಸುಬಾದ ಮಣ್ಣು ಒಡ್ಡರು ಇಳಿದು ಶುಚಿ ಮಾಡಿದರು. ಹೊಸ ಇಂಗುಬಾವಿಗಳನ್ನೂ ತೋಡಿದರು. ನೀರು ಬಂತು. ಸಾವಿರ ಅಡಿಯಲ್ಲಲ್ಲ, ಬಾವಿಯ ಕಟ್ಟೆಗೆ ಬಗ್ಗಿ ನೋಡಿದರೆ ನಿಮ್ಮ ಮುಖ ಕಾಣುವಷ್ಟು ಹತ್ತಿರದಲ್ಲಿ. ಸುತ್ತಲಿನ ಊರೆಲ್ಲ ಟ್ಯಾಂಕರ್ ಕಾಯುತ್ತಿದ್ದರೂ ಮುಚ್ಚದೇ ಬಿಟ್ಟ ಮಣ್ಣಿನ ಕೆಳಗೆ ಸ್ಪಂಜು ಇನ್ನೂ ಕೆಲಸ ಮಾಡುತ್ತಿದೆ ಅಂತ ಅರ್ಥ. ಅಂಥ ಬಾವಿಯೊಳಗೆ ಅಡಿ ಗುರುತು ಹಾಕಿದ ಒಂದು ಪಟ್ಟಿ ಬಿಡಲು ಎಷ್ಟು ದುಡ್ಡು ಬೇಕು? ಸುರಂಗದ ಬಜೆಟ್‌ನಲ್ಲಿ ಚಹಾ ಖರ್ಚಿನ ಸಾಲಿಗೂ ಬರುವುದಿಲ್ಲ.

ನೀಲಿ ಪೈಪಿನ ಅಪಾರ್ಟ್‌ಮೆಂಟ್ ಈಗ ಮುಗಿದಿದೆ. ಚೆನ್ನಾಗೇ ಕಟ್ಟಿದ್ದಾರೆ, ಅಂಥ ಎತ್ತರವೂ ಇಲ್ಲ, ಬಂಡೆಯ ಮೇಲಿಂದ ನೋಡಿದರೆ ಕಾಣುವುದೂ ಇಲ್ಲ. ಗೃಹಪ್ರವೇಶದ ಬಾಳೆಕಂಬಗಳು ಒಂದು ವಾರ ಗೇಟಿನಲ್ಲಿದ್ದವು. ಹೂವಿನ ಅಜ್ಜಿ ಈಗ ಎದುರಿನ ಮರದ ಕೆಳಗೆ ಕೂರುತ್ತಾರೆ. ನೀರಿಗೇನು ಮಾಡುತ್ತೀರಿ ಅಂತ ಕೇಳಿದೆ. ಗೇಟಿನ ಪಕ್ಕ ಚರಂಡಿಗೆ ಇಳಿಯುವ ಸಣ್ಣ ಬಿಳಿ ಪೈಪಿನ ಕಡೆ ಕೈ ತೋರಿಸಿದರು. ದಿನಕ್ಕೆ ನಾಲ್ಕು ಸಲ ಮೋಟಾರ್ ಹಾಕುತ್ತಾರಂತೆ, ಹೊತ್ತೂ ಅವರಿಗೆ ಬಾಯಿಪಾಠ ಆಗಿದೆ.